ಬಂಡೆ ಯಾರಾಗಬೇಕು

ಹಡಗು ದುರಸ್ತಿಯ ಯಾರ್ಡಿನಲ್ಲಿ ಆ ಗಂಡ ಹೆಂಡತಿಗೆ ಇಟ್ಟ ಹೆಸರು ಮೇಲ್ಮನೆ, ಕೆಳಮನೆ. ಅವಳು ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತು ಲಿವರ್ ಹಿಡಿಯುವವಳು. ಅವನು ಕೆಳಗೆ, ಹಡಗಿನ ಹೊಟ್ಟೆಯೊಳಗೆ ನಿಂತು, ಇಳಿದು ಬರುವ ಸಾಮಾನಿಗೆ ದಾರಿ ಹೇಳುವವನು. ಎರಡೂ ಮನೆ ಒಪ್ಪಿದರೆ ಮಾತ್ರ ಮಸೂದೆ ಪಾಸು ಎಂದು ವೆಲ್ಡರ್ ನಗಾಡುತ್ತಿದ್ದ. ಮಾತು ತಮಾಷೆಯದಾದರೂ ಸುಳ್ಳಲ್ಲ. ಹಡಗಿನ ಒಳಗೆ ಇಳಿಸುವಾಗ ಮೇಲಿನವಳ ಕಣ್ಣಿಗೆ ಏನೂ ಬೀಳುವುದಿಲ್ಲ. ಉಕ್ಕಿನ ಹಗ್ಗ ಕತ್ತಲೆಯೊಳಗೆ ಹೋಗುತ್ತದೆ, ಅಷ್ಟೇ. ಮಿಕ್ಕಿದ್ದೆಲ್ಲ ವಾಕಿಟಾಕಿಯಲ್ಲಿ ಬರುವ ಗಂಡನ ದನಿ. "ಇಳ್ಸು, ಇಳ್ಸು, ಇನ್ನೊಂಚೂರು, ಹಾಂ, ಸಾಕು."

ಆ ದನಿ ಹೋಗಿಬಿಟ್ಟಿತು. ಗಂಟಲಲ್ಲಿ ಗೆಡ್ಡೆ ಎಂದು ಕೊಯ್ದು ತೆಗೆದರು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವನು ಮಾತಾಡಿದರೆ ಮಗ್ಗುಲಲ್ಲಿ ಕೂತವರಿಗೆ ಮಾತ್ರ ಕೇಳಿಸುವ ಪಿಸುಮಾತು. ಫ್ಯಾನು ಜೋರಾಗಿ ತಿರುಗಿದರೆ ಅದೂ ಇಲ್ಲ.

ಮೈ ಸುಧಾರಿಸಿದ ಮೇಲೆ ಅವನು ಹಳೇ ಕೆಲಸಕ್ಕೇ ಬರುತ್ತೇನೆ ಎಂದ. ಯಾರ್ಡಿನ ಎಂಜಿನಿಯರ್ ಒಳ್ಳೆಯವರೇ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವವರು. ಅವನನ್ನು ಬಿಟ್ಟು ಅವಳೊಬ್ಬಳನ್ನೇ ಕರೆಸಿದರು.

"ಡಾಕ್ಟರು ಸರಿ ಅಂದಿದ್ದಾರಮ್ಮ. ಆದ್ರೆ ಕೆಳಗೆ ಯಾರು ನಿಲ್ಬೇಕು ಅನ್ನೋದಕ್ಕೆ ಆಪರೇಟರ್ ಒಪ್ಪಿಗೆ ಬೇಕೇ ಬೇಕು. ನೀವು ಹೂಂ ಅಂದ್ರೆ ಹಳೇ ಕೆಲ್ಸ, ಬೇಡ ಅಂದ್ರೆ ಗೋದಾಮು. ಭಾನುವಾರ ಯಾರ್ಡಿನ ಆಟ ಇದ್ಯಲ್ಲ, ಅಷ್ಟೊತ್ತಿಗೆ ಹೇಳ್ಬಿಡಿ."

"ನೋಡೋಣ ಸರ್," ಎಂದಳು. ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ. ಮನೆಗೆ ಬಂದು ಗಂಡನಿಗೆ ಹೇಳಿದ್ದು, "ಎಂಜಿನಿಯರ್ ಇನ್ನೂ ಯೋಚ್ನೆ ಮಾಡ್ತಿದ್ದಾರಂತೆ."

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅವನು ಪಿಸುದನಿಯಲ್ಲೇ ಎಂಜಿನಿಯರನ್ನು ಬೈಯುತ್ತಿದ್ದ. ಅವನಿಗೆ ತಾಕತ್ತಿಲ್ಲ, ಅವನಿಗೆ ನಂಬಿಕೆಯಿಲ್ಲ, ಗೋದಾಮಿಗೆ ಹಾಕಿದರೆ ರಾಜೀನಾಮೆ ಮುಖದ ಮೇಲೆ ಬಿಸಾಡಿ ಬರುತ್ತೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ. ಅವಳು ತಲೆ ತಗ್ಗಿಸಿ ಬಡಿಸುತ್ತಿದ್ದಳು. ಒಂದೊಂದು ಬೈಗುಳವೂ ನೇರ ಬಂದು ಅವಳಿಗೇ ತಾಗುತ್ತಿತ್ತು.

ಅವನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲವೆಂದಲ್ಲ. ನಂಬಿಕೆ ಇಲ್ಲದ್ದು ತನ್ನ ಕೈಮೇಲೆ. ಎತ್ತು, ಇಳಿಸು ಎನ್ನುವ ಹಕ್ಕು ಕೆಳಗೆ ನಿಂತು ದಾರಿ ಹೇಳುವ ಒಬ್ಬನಿಗೆ ಮಾತ್ರ. ನಿಲ್ಲು ಎನ್ನುವ ಹಕ್ಕು ಎಲ್ಲರಿಗೂ. ಬಾಯಲ್ಲಿ ಹೇಳಲಾಗದಿದ್ದರೆ ಕೈಗೆ ಸಿಕ್ಕಿದ್ದರಿಂದ ಕೈಗೆ ಸಿಕ್ಕಿದ್ದನ್ನು ಒಂದೇ ಸಮನೆ ಬಡಿ. ಬಡಿತ ಕೇಳಿದವರು ಮೊದಲು ಕೈ ಬಿಡಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಎಲ್ಲರಿಗೂ ಕಲಿಸುವ ಪಾಠ ಇದು. ಆದರೆ ಇಷ್ಟು ವರ್ಷ ಅವಳ ಕೈ ನಡೆದದ್ದು, ನಿಂತದ್ದು ಆ ಒಂದು ದನಿಗೆ. ಬರೀ ಸದ್ದಿಗೆ ಈ ಕೈ ಸಮಯಕ್ಕೆ ಸರಿಯಾಗಿ ನಿಲ್ಲುತ್ತದೆಯೇ? ನಿಲ್ಲದಿದ್ದರೆ ಹಗ್ಗದ ತುದಿಯ ಕಬ್ಬಿಣದ ಕೆಳಗೆ ಇರುವವನು ಯಾರೋ ಅಲ್ಲ. ಅವಳಿಗೆ ಭಯವಾಗುತ್ತಿತ್ತು.

ಇದರ ನಡುವೆ ಆ ಆಟ ಬಂತು. ಪ್ರತಿ ವರ್ಷ ವಿಭಾಗ ವಿಭಾಗಗಳ ನಡುವೆ ಹಗ್ಗಜಗ್ಗಾಟ ಇಡುತ್ತಿದ್ದರು. ಈ ಸಲ ಹೊಸ ಕಾಲ ಎಂದು ಕಂಪ್ಯೂಟರ್ ಆಟ. ಆ ಕಡೆ ಐವರು, ಈ ಕಡೆ ಐವರು, ಎದುರಾಳಿಯ ಕೋಟೆ ಬೀಳಿಸಬೇಕು. ಒಬ್ಬೊಬ್ಬರಿಗೂ ಒಂದೊಂದು ಪಾತ್ರ. ಮುಂದೆ ನಿಂತು ಹೊಡೆತ ತಿನ್ನುವವನು, ಬೆಂಕಿ ಎಸೆಯುವವನು, ದೂರದಿಂದ ಬಾಣ ಬಿಡುವವಳು, ಬಲೆ ಹಾಕಿ ಹೊಂಚುವವನು, ಎಲ್ಲರ ಹಿಂದೆ ನಿಂತು ಗಾಯ ಮಾಯಿಸುವವಳು. ಆಟದಲ್ಲಿ ಅವಕ್ಕೆ ಏನೇನೋ ಹೆಸರಿದ್ದವು, ಇವರ ನಾಲಗೆ ಹೊರಳಲಿಲ್ಲ. ಮುಂದಿನವನಿಗೆ ಬಂಡೆ ಎಂದೂ, ಹಿಂದಿನವಳಿಗೆ ಮದ್ದಜ್ಜಿ ಎಂದೂ ಇವರೇ ನಾಮಕರಣ ಮಾಡಿಕೊಂಡರು.

ಯಾರಿಗೆ ಯಾವ ಪಾತ್ರ ಎಂದು ಆರಿಸುವ ಕೆಲಸವನ್ನು ಎಲ್ಲರೂ ಸೇರಿ ಅವಳ ತಲೆಗೆ ಕಟ್ಟಿದರು. "ಮೇಲೆ ಕೂತವ್ರಿಗೆ ಎಲ್ಲಾ ಕಾಣತ್ತೆ," ಎಂದರು ಗೋದಾಮಿನಲ್ಲಿದ್ದ ಅವಳ ಸೋದರಮಾವ. ಅದು ಸುಲಭದ ಕೆಲಸವಲ್ಲ. ಎರಡು ತಂಡವೂ ಸರದಿಯಂತೆ ಎತ್ತಿಕೊಳ್ಳಬೇಕು, ಒಬ್ಬರು ಎತ್ತಿಕೊಂಡದ್ದು ಇನ್ನೊಬ್ಬರಿಗಿಲ್ಲ. ಬಲವಾದ ಪಾತ್ರ ಸಿಕ್ಕರೆ ಸಾಲದು, ಅದು ಆಡುವವನ ಸ್ವಭಾವಕ್ಕೆ ಹೊಂದಬೇಕು. ದುಡುಕುವ ವೆಲ್ಡರಿಗೆ ಬೆಂಕಿ ಸರಿ. ಒಂದು ನಟ್ಟು ಕೊಡಬೇಕಾದರೂ ಕಾಯಿಸಿ ಕಾಯಿಸಿ ಕೊಡುವ ಮಾವನಿಗೆ ಹೊಂಚು ಹಾಕುವ ಪಾತ್ರ ಹೇಳಿ ಮಾಡಿಸಿದ್ದು. ಕೇಳಿದ್ದನ್ನೇ ಎರಡು ಸಲ ಹೇಳುವ ಕಾರಣಕ್ಕೆ ಗಿಣಿ ಎಂದು ಹೆಸರಾದ ಎಲೆಕ್ಟ್ರಿಷಿಯನ್ ಹುಡುಗಿಯ ಕಣ್ಣು ಚುರುಕು, ಅವಳಿಗೆ ಬಿಲ್ಲು. ಉಳಿದದ್ದು ಬಂಡೆ ಮತ್ತು ಮದ್ದಜ್ಜಿ. ಉಳಿದವರು ಗಂಡ ಹೆಂಡತಿ.

ಬಂಡೆ ಗಂಡನದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಮುಂದೆ ನಿಂತವನಿಗೆ ಶತ್ರು ಮೊದಲು ಕಾಣುತ್ತಾನೆ. ಯಾವಾಗ ನುಗ್ಗಬೇಕು, ಯಾವಾಗ ಹಿಂದೆ ಸರಿಯಬೇಕು ಎಂದು ಹೇಳುವವನೂ ಅವನೇ. ಇದು ಅವನ ದಿನನಿತ್ಯದ ಕೆಲಸವೇ ಅಲ್ಲವೆ? ಅವಳು ಮಾತ್ರ, "ಬಂಡೆ ಆದವ್ರು ಕೂಗಿ ಹೇಳ್ಬೇಕಾಗತ್ತೆ. ನೀವು ಮದ್ದಜ್ಜಿ ಆಗಿ," ಎಂದಳು. ಅವನು ಏನೂ ಹೇಳಲಿಲ್ಲ. ಹೇಳಿದ್ದರೂ ಯಾರಿಗೂ ಕೇಳುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಕ್ಯಾಂಟೀನಿನ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ದೊಡ್ಡ ಪರದೆ ಕಟ್ಟಿದ್ದರು. ಜಡ್ಡುಗಟ್ಟಿದ ಕೈಗಳು ಪುಟ್ಟ ಪುಟ್ಟ ಗುಂಡಿ ಒತ್ತುವುದನ್ನು ನೋಡಲು ಯಾರ್ಡಿಗೆ ಯಾರ್ಡೇ ಬಂದಿತ್ತು. ಹೊಸ ಆಟವೆಂದು ಈ ಸಲ ಬಂದದ್ದು ಎರಡೇ ತಂಡ, ದುರಸ್ತಿಯ ಇವರು ಮತ್ತು ನಕ್ಷೆ ಬರೆಯುವ ವಿಭಾಗ. ಮೂರು ಆಟದಲ್ಲಿ ಎರಡು ಗೆದ್ದವರಿಗೆ ಕಪ್.

ಮೊದಲ ಆಟ ಇವರು ನೆಲಕಚ್ಚಿದರು. ಬಂಡೆಯಾದ ಅವಳಿಗೆ ಮುಂದೆ ನಿಂತು ಅಭ್ಯಾಸವೇ ಇಲ್ಲ, ನುಗ್ಗಬೇಕಾದಲ್ಲಿ ತಡೆದಳು, ತಡೆಯಬೇಕಾದಲ್ಲಿ ನುಗ್ಗಿದಳು. ಹಿಂದಿದ್ದ ಮದ್ದಜ್ಜಿ ಪ್ರತಿ ಸಲವೂ ಓಡಿ ಬಂದು ಅವಳ ಗಾಯ ಮಾಯಿಸಿತು, ಕೊನೆಗೆ ಅದೂ ಸತ್ತಿತು.

ವಿರಾಮದಲ್ಲಿ ಅವಳು ಕೈ ತೊಳೆಯುವ ನಲ್ಲಿಗಳ ಹತ್ತಿರ ಹೋಗಿ ಮುಖಕ್ಕೆ ನೀರು ಹಾಕಿಕೊಂಡಳು. ಗಂಡ ಹಿಂದೆಯೇ ಬಂದು ನಲ್ಲಿ ನಿಲ್ಲಿಸಿದ. ತನ್ನ ಮಾತು ಕೇಳಿಸಬೇಕೆಂದರೆ ಅವನು ಈಗ ಮೊದಲು ಅಕ್ಕಪಕ್ಕದ ಸದ್ದನ್ನೆಲ್ಲ ನಿಲ್ಲಿಸಬೇಕಿತ್ತು.

"ಎಂಜಿನಿಯರ್ ಅಲ್ಲ," ಎಂದ. "ನೀನು."

"ಏನು ನಾನು?"

"ಇಷ್ಟು ದಿನ ಬೇಡ ಬೇಡ ಅಂತಿರೋದು. ಆಟದಲ್ಲೇ ನನ್ನನ್ನ ಮುಂದೆ ನಿಲ್ಸೋಕೆ ಆಗ್ತಿಲ್ಲ ನಿಂಗೆ. ಅಲ್ಲೇನು ಕಬ್ಬಿಣ ಬೀಳತ್ತಾ?"

ಸುಳ್ಳು ಹೇಳಬಹುದಿತ್ತು. ಬಾಯಿಯವರೆಗೂ ಬಂತು. ಅವನ ಕತ್ತಿನ ಮೇಲಿನ ಹೊಲಿಗೆಯ ಗೆರೆ ಮಾತಾಡುವ ಶ್ರಮಕ್ಕೆ ಕೆಂಪಾಗಿತ್ತು, ಅದನ್ನು ನೋಡಿ ಅವಳಿಗೆ ಸುಳ್ಳು ಹೊರಡಲಿಲ್ಲ.

"ಬೇಡ ಅಂದಿಲ್ಲ. ಹೂಂ ಅನ್ನೋಕೂ ಆಗಿಲ್ಲ," ಎಂದಳು.

ಅವನು ಅವಳನ್ನೇ ನೋಡುತ್ತ ನಿಂತ. ದನಿ ಇದ್ದಿದ್ದರೆ ಕ್ಯಾಂಟೀನು ಕಿತ್ತುಹೋಗುವಂತೆ ಕೂಗುತ್ತಿದ್ದನೇನೋ. ದನಿ ಇಲ್ಲದವನ ಸಿಟ್ಟು ನೋಡಲು ಬಹಳ ಕಷ್ಟ, ಅದು ಎಲ್ಲಿಗೂ ಹೋಗುವುದಿಲ್ಲ, ಮುಖದಲ್ಲೇ ಇರುತ್ತದೆ. ಕೊನೆಗೆ ಅವನು ಅಂದದ್ದು ಇಷ್ಟೇ. "ಬಂಡೆ ನಾನಾಗ್ತೀನಿ. ಮೈಕ್ ತಟ್ತೀನಿ. ಒಂದು ತಟ್ಟಿದ್ರೆ ಬನ್ನಿ, ಎರಡು ತಟ್ಟಿದ್ರೆ ಹಿಂದಕ್ಕೆ. ಎಲ್ರಿಗೂ ಹೇಳು."

ಅವಳು ಹೋಗಿ ಹೇಳಿದಳು. "ಒಂದಕ್ಕೆ ಬಾ, ಎರಡಕ್ಕೆ ಹಿಂದೆ, ಒಂದಕ್ಕೆ ಬಾ, ಎರಡಕ್ಕೆ ಹಿಂದೆ," ಎಂದು ಗಿಣಿ ಬಾಯಿಪಾಠ ಮಾಡಿಕೊಂಡಳು. "ಅಂತೂ ಕೆಳಮನೆ ಅಧಿವೇಶನ ಶುರುವಾಯ್ತು," ಎಂದ ವೆಲ್ಡರ್. ಗಂಡ ಹೆಂಡತಿ ಇಬ್ಬರೂ ನಗದಿರುವುದನ್ನು ನೋಡಿ ಬಾಯಿ ಮುಚ್ಚಿಕೊಂಡ.

ಎರಡನೇ ಆಟ ಬೇರೆಯೇ ಆಯಿತು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಟಕ್ ಎಂದರೆ ನಾಲ್ವರೂ ನುಗ್ಗುತ್ತಿದ್ದರು, ಟಕ್ ಟಕ್ ಎಂದರೆ ಸರಿಯುತ್ತಿದ್ದರು. ವೆಲ್ಡರಿನ ವಟವಟ ನಿಂತಿತ್ತು. ನಕ್ಷೆ ವಿಭಾಗದವರು ಒಬ್ಬರ ಮೇಲೊಬ್ಬರು ಕಿರುಚಾಡುತ್ತಿದ್ದರೆ ಈ ಕಡೆ ಪರೀಕ್ಷೆ ಬರೆಯುವ ಕೋಣೆಯ ಮೌನ. ಮದ್ದಜ್ಜಿಯಾಗಿ ಹಿಂದೆ ನಿಂತ ಅವಳಿಗೆ ಮೊದಲ ಸಲ ಎಲ್ಲರ ಬೆನ್ನು ಕಾಣಿಸಿತು, ಎಲ್ಲಕ್ಕಿಂತ ಮುಂದೆ ಗಂಡನ ಬಂಡೆಯ ಬೆನ್ನು. ಗೆದ್ದರು. ಕ್ಯಾಂಟೀನು ಕುಣಿಯಿತು. ಅವನು ಅವಳ ಕಡೆ ತಿರುಗಿ ಕೂಡ ನೋಡಲಿಲ್ಲ.

ಮೂರನೆಯದು ಸಮಸಮವಾಗಿ ಎಳೆಯಿತು. ಕೊನೆಗೆ ಎದುರಾಳಿಯ ಐವರೂ ಒಂದು ಕಿರುಸೇತುವೆಗೆ ಬಂದು ಸಿಕ್ಕಿಬಿದ್ದರು. ಬಂಡೆ ಸೇತುವೆಯ ಬಾಯಿಗೆ ಅಡ್ಡ ನಿಂತಿದ್ದ. ಇದ್ದ ಬದ್ದ ಶಕ್ತಿಯನ್ನೆಲ್ಲ ಈಗ ಒಟ್ಟಿಗೆ ಸುರಿದರೆ ಕೋಟೆ ಇವರದು. ಅದನ್ನು ಮೊದಲು ಕಂಡವನು ಅವನೇ. ಬನ್ನಿ ಎನ್ನಲು ಒಂದು ತಟ್ಟು ಇತ್ತು, ಸರಿ. ಆದರೆ ಎಲ್ಲರೂ ಬನ್ನಿ, ಈಗಲೇ, ಎಲ್ಲವನ್ನೂ ಹೊಡೆಯಿರಿ ಎನ್ನಲು ಯಾವ ತಟ್ಟನ್ನೂ ಗೊತ್ತು ಮಾಡಿರಲಿಲ್ಲ. ಅವನ ಎದೆ ಹೊಡೆದುಕೊಂಡ ಹಾಗೇ ಬೆರಳೂ ಹೊಡೆದುಕೊಂಡವು. ಮೈಕಿನ ಮೇಲೆ ಟಕಟಕಟಕಟಕ ಎಂದು ಬಡಿದ.

ನಾಲ್ವರ ಕೈಯೂ ಒಂದೇ ಸಲ ಗುಂಡಿಗಳಿಂದ ಮೇಲೆದ್ದವು.

ಪರದೆಯ ಮೇಲೆ ಬಂಡೆ ಒಬ್ಬನೇ ಸೇತುವೆಗೆ ನುಗ್ಗಿದ. ಹಿಂದೆ ಬೆಂಕಿಯವನು, ಬಿಲ್ಲಿನವಳು, ಹೊಂಚಿನವನು, ಮದ್ದಜ್ಜಿ, ನಾಲ್ವರೂ ನೆಟ್ಟ ಕಂಬದಂತೆ ನಿಂತಿದ್ದರು. ಐವರು ಸೇರಿ ಅವನೊಬ್ಬನನ್ನು ಹೊಡೆದು ಹಾಕಿದರು, ಆಮೇಲೆ ಉಳಿದವರನ್ನು. ಇವರ ಕೋಟೆ ಬಿತ್ತು. ನಕ್ಷೆ ವಿಭಾಗದವರಿಗೆ ತಾವು ಹೇಗೆ ಗೆದ್ದೆವೆಂದೇ ಅರ್ಥವಾಗಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೇ ಇದ್ದವರು ಹಡಗಿನೊಳಗೆ ಇಳಿದು ಕೆಲಸ ಮಾಡುವ ಕೆಲವರು. ಅವರಿಗೆ ಅರ್ಥವಾಗಿತ್ತು.

"ಯಾಕ್ರೀ ನಿಂತ್ರಿ?" ಗಂಡ ಹೆಡ್‌ಫೋನ್ ಕಿತ್ತು ಕೇಳಿದ. ತುಟಿ ಮಾತ್ರ ಆಡಿತು.

"ನೀನೇ ನಿಲ್ಲು ಅಂತ ಬಡಿದ್ಯಲ್ಲಪ್ಪಾ," ಎಂದರು ಮಾವ.

"ಬಡಿದ್ರಲ್ಲ, ಬಡಿದ್ರಲ್ಲ," ಎಂದಳು ಗಿಣಿ.

ಅವನು ಮೈಕನ್ನು ನೋಡಿದ, ತನ್ನ ಬೆರಳು ನೋಡಿಕೊಂಡ, ತಲೆ ಮೇಜಿಗೆ ಒರಗಿಸಿದ. ಗೆದ್ದ ಆಟವನ್ನು ತಾನೇ ಕಳೆದೆ ಎನ್ನುವ ಸಂಕಟ ಅವನ ಬೆನ್ನಿನಲ್ಲೇ ಕಾಣುತ್ತಿತ್ತು. ಅವಳು ಮಾತ್ರ ಇನ್ನೂ ಕೈ ಕೆಳಗಿಳಿಸಿರಲಿಲ್ಲ. ಯೋಚಿಸಿ ಎತ್ತಿದ ಕೈಯಲ್ಲ ಅದು. ಗೆಲ್ಲುವ ಆಸೆಯಿತ್ತು, ಎದುರಿಗೆ ಶತ್ರು ಇದ್ದ, ನಿಲ್ಲಲು ಒಂದೇ ಒಂದು ಕಾರಣವೂ ಇರಲಿಲ್ಲ. ಆದರೂ ಆ ಸದ್ದು ಕಿವಿಗೆ ಬಿದ್ದದ್ದೇ ಅವಳನ್ನು ಕೇಳದೆ ಕೈ ನಿಂತುಹೋಗಿತ್ತು. ಅವಳಿಗೆ ಅಳು ಒತ್ತರಿಸಿ ಬಂತು. ಸೋತದ್ದಕ್ಕೆಂದು ಪಕ್ಕದವರು ಸಮಾಧಾನ ಮಾಡಿದರು.

ಎಂಜಿನಿಯರ್ ಗೆದ್ದವರಿಗೆ ಕಪ್ ಕೊಟ್ಟು ಇತ್ತ ಬಂದಾಗ ಅವಳು ಎದ್ದು ನಿಂತಳು. ಗಂಡನಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದಳು.

"ಸರ್, ನನ್ನ ಒಪ್ಪಿಗೆ ಇದೆ. ನಾಳೆಯಿಂದ ಕೆಳಗೆ ಇವ್ರೇ ನಿಲ್ಲಲಿ."

"ಅಲ್ಲಮ್ಮ," ಅವರು ಅನುಮಾನಿಸಿದರು, "ಈಗ ತಾನೆ ಇವ್ರು ಬಡಿದಿದ್ದು ಒಂದು, ನೀವು ತಿಳ್ಕೊಂಡಿದ್ದು ಇನ್ನೊಂದು."

"ಹೂಂ ಸರ್. ಅನುಮಾನ ಬಂದಾಗ ನಾವೆಲ್ಲಾ ನಿಲ್ಲು ಅಂತ ತಿಳ್ಕೊಂಡ್ವಿ. ಕೆಳಗೆ ಇರೋವ್ರಿಗೆ ಅಷ್ಟು ಸಾಕು."

ಎಂಜಿನಿಯರ್ ಒಮ್ಮೆ ಅವಳನ್ನು, ಒಮ್ಮೆ ಅವನನ್ನು ನೋಡಿ, ವಾಕಿಟಾಕಿಯಲ್ಲಿ ತಟ್ಟುವ ಸನ್ನೆಗಳನ್ನು ಸರಿಯಾಗಿ ಗೊತ್ತು ಮಾಡಿ, ಖಾಲಿ ಕೊಕ್ಕೆಯಲ್ಲಿ ಅಭ್ಯಾಸ ಮಾಡಿ ತೋರಿಸಿದ ಮೇಲೆಯೇ ಸಾಮಾನು ಎತ್ತಬೇಕು ಎಂದು ಹೇಳಿ ಹೋದರು.

ಕ್ಯಾಂಟೀನು ಖಾಲಿಯಾಗತೊಡಗಿತು. ವೆಲ್ಡರ್ ಮೇಜು ಎಳೆದು ಜಾಗಕ್ಕೆ ಹಾಕುತ್ತಿದ್ದ. ಗಂಡ ತಲೆಯೆತ್ತಿ ಏನೋ ಅಂದ, ಆ ಗಲಾಟೆಯಲ್ಲಿ ಕೇಳಲಿಲ್ಲ. ಅವಳು ಬಗ್ಗಿ ಅವನ ಬಾಯಿಗೆ ಕಿವಿ ಕೊಟ್ಟಳು.

"ಭಯ ಇದ್ರೆ ನನಗೇ ಹೇಳ್ಬೋದಿತ್ತು," ಎಂದ. "ಪಾಪ, ಆ ಮನುಷ್ಯನ್ನ ಎಷ್ಟು ಬೈದೆ."

"ಭಯ ಈಗಲೂ ಇದೆ," ಎಂದಳು.

ಅವನು ಮೈಕನ್ನು ಮೇಜಿನ ಆಚೆಗೆ ಸರಿಸಿದ. ಸಿಟ್ಟು ಪೂರ್ತಿ ಇಳಿದಿರಲಿಲ್ಲ, ಅದು ಅಷ್ಟು ಬೇಗ ಇಳಿಯುವ ಸಿಟ್ಟೂ ಅಲ್ಲ.

"ನನಗೂ ಇದೆ," ಎಂದ ಕೊನೆಗೆ. "ಆಪರೇಷನ್ ಆದಾಗಿಂದ ಇದೆ. ನೀನು ಮೇಲಿದ್ರೆ ನಿಲ್ತೀನಿ."