ಗಾಳಿ ಹಿಡಿದುಕೊಂಡ ಹಲಗೆ

ನಾಗಭೂಷಣ್ ಗುಬ್ಬಿಯಲ್ಲಿ ಬಾಗಿಲು ಕೆತ್ತುವ ಬಡಗಿ. ಹಲಸಿನ ಹಲಗೆಯ ಮೇಲೆ ಅವನು ಬಳ್ಳಿ ಬಿಡಿಸಿದರೆ ಎಲೆಯ ನರಗಳೂ ಎದ್ದು ಕಾಣುತ್ತಿದ್ದವು. ಒಂದು ಸಂಜೆ ನಿಟ್ಟೂರಿನ ಹತ್ತಿರ ಬೈಕು ಜಾರಿ ಬಿದ್ದು ಅವನ ಎಡಗೈಯ ನರಕ್ಕೆ ಪೆಟ್ಟಾಯಿತು. ಆಪರೇಷನ್ ಆದಮೇಲೆ ಹೆಬ್ಬೆರಳು, ತೋರುಬೆರಳು ಅಷ್ಟಿಷ್ಟು ಆಡಿದವು. ಆ ಕೈಯ ಉಳಿದ ಭಾಗಕ್ಕೆ ಬಲ ಮರಳಲಿಲ್ಲ.

ಉಳಿಯನ್ನು ಆ ಎರಡು ಬೆರಳಲ್ಲೇ ಹಿಡಿದು ಬಲಗೈಯಿಂದ ಕೊಡತಿ ಬಡಿಯುವುದನ್ನು ಅವನು ಹಟದಿಂದ ಕಲಿತ. ಸೋತದ್ದು ಹಲಗೆಯನ್ನು ಅಲುಗದಂತೆ ನಿಲ್ಲಿಸುವುದರಲ್ಲಿ. ಕ್ಲ್ಯಾಂಪು ಹಾಕಲು ಒಂದು ಕೈ ಹಲಗೆಯನ್ನು ಒತ್ತಿಕೊಂಡಿರಬೇಕು, ಇನ್ನೊಂದು ಕೈ ತಿರುಪು ಬಿಗಿಯಬೇಕು. ಕೆತ್ತನೆ ಅಂಚಿಗೆ ಬಂದಾಗ ಕ್ಲ್ಯಾಂಪೇ ಅಡ್ಡ ಬರುತ್ತದೆ, ಮತ್ತೆ ಬಿಚ್ಚಿ ಬೇರೆ ಕಡೆ ಹಾಕಬೇಕು. ಒಂದು ದಿನ ಮಂಡಿಯಲ್ಲೇ ಹಲಗೆ ಒತ್ತಿ ಹಿಡಿದು ಕೆತ್ತಲು ಹೋದ. ಹಲಗೆ ಜಾರಿತು, ಉಳಿ ತೊಡೆಗೆ ಇಳಿಯಿತು. ಗಾಯ ಮಾಯುವಷ್ಟರಲ್ಲಿ ಅಂಗಡಿ ಖಾಲಿ ಮಾಡಿ, ಚೇಳೂರಿನಲ್ಲಿದ್ದ ಅಕ್ಕ ಮಂಗಳಗೌರಿಯ ಮನೆ ಸೇರಿದ.

ಅಕ್ಕ ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುತ್ತಿದ್ದಳು. ತಮ್ಮನನ್ನು ಏನೂ ಕೆದಕಿ ಕೇಳಲಿಲ್ಲ. ಅವನು ಉಳಿಗಳನ್ನೆಲ್ಲ ಚೀಲಕ್ಕೆ ತುಂಬಿ ತುಮಕೂರಿಗೆ ಹೊರಟಾಗ ಮಾತ್ರ ಕೇಳಿದಳು.

"ಯಾರಿಗ್ಲಾ ಇವು?"

"ಅನಂತಕೃಷ್ಣ ಸಾರ್‌ಗೆ ಕೊಟ್ಬರ್ತೀನಿ. ಇಲ್ಲಿ ತುಕ್ಕು ಹಿಡೀತವೆ."

ಅನಂತಕೃಷ್ಣ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಒಂದು ವರ್ಕ್‌ಶಾಪ್ ನಡೆಸುತ್ತಿದ್ದರು. ಕಂಪ್ಯೂಟರ್ ಮಿಷನ್ನಿನಲ್ಲಿ ಫಲಕ, ಜಾಲರಿ ಕೊರೆಯುವ ಕೆಲಸ. ಮಿಷನ್ನಿಗೆ ಒಗ್ಗದ ಸೂಕ್ಷ್ಮ ಕೆತ್ತನೆಯನ್ನು ಹಿಂದೆ ನಾಗಭೂಷಣನಿಗೇ ಕಳಿಸುತ್ತಿದ್ದರು. ಅವನು ಹೋದಾಗ ಮಿಷನ್ನಿನ ಮೇಜಿನ ಮೇಲೆ ಪ್ಲೈವುಡ್ಡಿನ ಒಂದು ತೆಳು ಹಾಳೆ ಇತ್ತು. ಅಂಚಿನಲ್ಲಿ ಕ್ಲ್ಯಾಂಪಿಲ್ಲ, ಮೊಳೆಯಿಲ್ಲ. ಅದರ ಮೇಲೆ ಕಟ್ಟರ್ ಭರ್ರನೆ ಓಡುತ್ತಿದ್ದರೂ ಹಾಳೆ ಕದಲುತ್ತಿರಲಿಲ್ಲ. ಕಟ್ಟರ್ ನಿಂತಮೇಲೆ ನಾಗಭೂಷಣ್ ಬಲಗೈಯಲ್ಲಿ ಹಾಳೆಯನ್ನು ಎಳೆದು ನೋಡಿದ. ಬರಲಿಲ್ಲ.

"ಅಂಟು ಹಾಕಿದೀರಾ ಸಾರ್?"

"ಅಂಟಲ್ಲ, ಗಾಳಿ," ಎಂದರು ಅನಂತಕೃಷ್ಣ. "ಹಾಳೆ ಕೆಳಗಿನ ಗಾಳೀನ ಪಂಪು ಎಳ್ಕೊಳ್ಳತ್ತೆ. ಆಗ ಮೇಲಿರೋ ಗಾಳೀನೇ ಅದನ್ನ ಒತ್ತಿ ಹಿಡ್ಕೊಳ್ಳತ್ತೆ. ಈಗ ನೋಡಿ."

ಅವರು ಸ್ವಿಚ್ ಆರಿಸಿದರು. ಹಾಳೆ ತಟ್ಟನೆ ಸಡಿಲವಾಗಿ ನಾಗಭೂಷಣನ ಕೈಗೆ ಬಂತು. ಮತ್ತೆ ಹಾಕಿದರು, ಮತ್ತೆ ಕಚ್ಚಿಕೊಂಡಿತು. ನಾಗಭೂಷಣ್ ಚೀಲವನ್ನು ಅಲ್ಲಿ ಇಳಿಸದೆ, ಹೆಗಲಿಗೇರಿಸಿಕೊಂಡೇ ಬಸ್ಸು ಹತ್ತಿದ.

ದಾರಿಯುದ್ದಕ್ಕೂ ಅವನಿಗೆ ಕೇಳಿಸುತ್ತಿದ್ದುದು ಕೊಟ್ಟಿಗೆಯ ಸದ್ದು. ಅಕ್ಕನ ಹಾಲು ಕರೆಯುವ ಮಿಷನ್ನಿನಲ್ಲೂ ಗಾಳಿ ಎಳೆಯುವ ಪಂಪೇ ಇತ್ತಲ್ಲ.

ಮನೆಗೆ ಬಂದವನೇ ವಿಷಯ ಹೇಳಿದ. ಅಕ್ಕ ಹಿಂಡಿ ಕಲಸುತ್ತಿದ್ದ ಕೈಯನ್ನು ತಡೆದು ಕೇಳಿಸಿಕೊಂಡಳು.

"ಹಾಲು ಕರ್ಯೋ ಹೊತ್ನಲ್ಲಿ ಮುಟ್ಬೇಡ. ಮಿಕ್ಕಿದ್ ಹೊತ್ತೆಲ್ಲ ನಿಂದೇ ಕಣೋ," ಎಂದಳು. "ಆದ್ರೆ ಮರದ ಪುಡಿ ಪಂಪಿನೊಳಕ್ಕೆ ಹೋದ್ರೆ ನನ್ ಹಸಗಳ ಗತಿ?"

ಅದಕ್ಕೂ ಉತ್ತರ ಅವಳಿಂದಲೇ ಬಂತು. ಹಾಲು ಪಂಪಿಗೆ ಹೋಗದೆ ಕ್ಯಾನಿನಲ್ಲೇ ಉಳಿಯುತ್ತದಲ್ಲ, ಹಾಗೆಯೇ ಪುಡಿಯೂ ಉಳಿಯಲಿ ಎಂದು ಮುಚ್ಚಳ ಭದ್ರವಾಗಿದ್ದ ಹಳೆಯ ಕ್ಯಾನೊಂದನ್ನು ತಂದು ಪೈಪಿನ ನಡುವೆ ಇಟ್ಟಳು.

ನಾಗಭೂಷಣ್ ಮೇಜಿನ ಮೇಲೆ ಕೂರಿಸಿದ ದಪ್ಪ ಹಲಗೆಯೊಂದರಲ್ಲಿ ಚೌಕವಾಗಿ ಕಾಲುವೆ ತೋಡಿ, ಅದಕ್ಕೆ ರಬ್ಬರ್ ದಾರ ಕೂರಿಸಿ, ನಡುವೆ ತೂತು ಕೊರೆದು ಪೈಪು ಸಿಕ್ಕಿಸಿದ. ಮೊದಲ ದಿನ ಪಂಪು ಸುಮ್ಮನೆ ಸುಯ್ಗುಟ್ಟಿತು, ಏನೂ ಹಿಡಿಯಲಿಲ್ಲ. ಮರದೊಳಗಿಂದಲೇ ಗಾಳಿ ಸೋರುತ್ತಿತ್ತು. ಹಲಗೆಗೆ ಎರಡು ಕೋಟ್ ವಾರ್ನಿಷ್ ಕುಡಿಸಿದ. ಆಗ ಹಿಡಿಯಿತು. ಆದರೆ ಕೊಡತಿಯ ಏಟಿಗೆ ಮೇಲಿನ ಹಲಗೆ ಪಕ್ಕಕ್ಕೆ ಜರುಗಿತು. ಅಂಚಿಗೆ ಅಡ್ಡವಾಗಿ ಎರಡು ಗಿಡ್ಡ ಗೂಟ ನೆಟ್ಟ. ಜರುಗುವುದೂ ನಿಂತಿತು. ಭಾನುವಾರ ಅನಂತಕೃಷ್ಣರೇ ಚೇಳೂರಿಗೆ ಬಂದು, ಗಾಳಿ ಹಿಂದಕ್ಕೆ ನುಗ್ಗದಂತೆ ಒಂದು ವಾಲ್ವ್ ಹಾಕಿಕೊಟ್ಟರು. ಸ್ವಿಚ್ಚನ್ನು ಕಾಲಲ್ಲಿ ಒತ್ತುವಂತೆ ನೆಲಕ್ಕಿಳಿಸಿದರು.

"ಎಳೀರಿ ನೋಡೋಣ," ಎಂದರು ಅಕ್ಕನಿಗೆ.

ಮಂಗಳಗೌರಿ ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಹಲಗೆ ಹಿಡಿದು, ಕಾಲು ಊರಿ ಎಳೆದಳು. ಮೇಜೇ ಅವಳ ಕಡೆಗೆ ಜಗ್ಗಿತೇ ಹೊರತು ಹಲಗೆ ಬಿಡಲಿಲ್ಲ. ನಾಗಭೂಷಣ್ ನಕ್ಕ. ತಮ್ಮ ನಗುವುದನ್ನು ಅವಳು ಆ ಅಪಘಾತದ ನಂತರ ಕಂಡಿರಲಿಲ್ಲ. ಮುಖ ತಿರುಗಿಸಿಕೊಂಡು ಕಾಫಿ ಕಾಯಿಸಲು ಒಳಗೆ ಹೋದಳು.

ಅಮೃತೂರಿನ ರಾಮಾಂಜಿನಯ್ಯ ಹೊಸ ಮನೆ ಕಟ್ಟಿಸುತ್ತಿದ್ದರು. ತಲೆಬಾಗಿಲನ್ನು ನಾಗಭೂಷಣನೇ ಕೆತ್ತಬೇಕೆಂದು ಅವರಿಗೆ ಹಿಂದಿನಿಂದಲೂ ಆಸೆ. ಆ ಕೆಲಸವನ್ನು ಅವನು ಒಪ್ಪಿಕೊಂಡ. ಹಾಲು ಕರೆದು ಮುಗಿದಮೇಲೆ ಪೈಪು ಬದಲಿಸಿ ಕೂರುವನು. ಕಾಲಲ್ಲಿ ಸ್ವಿಚ್ ಒತ್ತಿದರೆ ಹಲಗೆ ಕಲ್ಲಿನಂತೆ ನಿಲ್ಲುವುದು. ಇನ್ನೊಮ್ಮೆ ಒತ್ತಿ ಪಂಪು ನಿಲ್ಲಿಸಿ, ಪೈಪು ಬಿಚ್ಚಿ ಗಾಳಿ ಒಳಬಿಟ್ಟು, ಹಲಗೆ ತಿರುಗಿಸಿ, ಇನ್ನೊಂದು ಮಗ್ಗುಲಿಗೆ ಹೊರಳುವನು. ಅಂಚಿನವರೆಗೂ ಅಡ್ಡಿಯಿಲ್ಲದ ಬಯಲು. ಎರಡು ಕೈ ನೆಟ್ಟಗಿದ್ದಾಗಲೂ ಅವನಿಗೆ ಅಷ್ಟು ಬಿಡುಬೀಸಾದ ಜಾಗ ಸಿಕ್ಕಿರಲಿಲ್ಲ.

ನವಿಲಿನ ಕತ್ತನ್ನು ಬಿಡಿಸುತ್ತಿದ್ದಾಗ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಪಂಪು ನಿಂತಿತು. ಉಳಿ ಮರದೊಳಗೇ ಇತ್ತು. ಹಳೆಯದೆಲ್ಲ ನೆನಪಾಗಿ ಅವನು ತೊಡೆಯನ್ನು ಪಕ್ಕಕ್ಕೆ ಎಳೆದುಕೊಂಡ. ಆದರೆ ಹಲಗೆ ಕದಲಲಿಲ್ಲ. ಗಾಳಿ ಎಳೆದು ಬರಿದಾಗಿದ್ದ ಆ ಕ್ಯಾನು, ಪಂಪು ನಿಂತಮೇಲೂ ಸ್ವಲ್ಪ ಹೊತ್ತು ಹಿಡಿತ ಬಿಡದೆ ಕಾಯುತ್ತಿತ್ತು. ಅವನು ನಿಧಾನವಾಗಿ ಉಳಿಯನ್ನು ಹೊರತೆಗೆದು ಪಕ್ಕಕ್ಕಿಟ್ಟ. ಆಮೇಲೆ ಹಿಡಿತ ಸಡಿಲವಾಯಿತು.

"ಪುಡಿ ಹಿಡಿಯಕ್ಕೆ ಅಂತ ಇಟ್ಟೆ ಅಲ್ವಾ ಅಕ್ಕ, ನನ್ನನ್ನೂ ಕಾಯ್ತು ಅದು," ಎಂದ.

"ಕಾಯ್ಲಿ ಬುಡು," ಎಂದಳು ಅವಳು, ಕ್ಯಾನಿನ ಮೇಲಿನ ಧೂಳು ಒರೆಸುತ್ತ.

ಬಾಗಿಲು ಕೂರಿಸುವ ದಿನ ಅಕ್ಕನೂ ಅಮೃತೂರಿಗೆ ಬಂದಳು. ತಮ್ಮ ಕೆತ್ತಿದ ಬಾಗಿಲು ಚೌಕಟ್ಟಿನಲ್ಲಿ ನಿಂತದ್ದನ್ನು ಅವಳು ನೋಡುತ್ತಿದ್ದುದು ಅದೇ ಮೊದಲು. ರಾಮಾಂಜಿನಯ್ಯ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದರು. ಬಳ್ಳಿಯ ಮೇಲೆ ಬೆರಳಾಡಿಸಿದರು.

"ಕೈ ಪೂರಾ ವಾಸಿಯಾಯ್ತಾ ನಾಗಭೂಷಣ?"

"ಇಲ್ಲ ಯಜಮಾನ್ರೇ. ಕೈ ಹಂಗೇ ಇದೆ. ಹಲಗೆ ಹಿಡಿಯೋ ಕೆಲ್ಸ ಈಗ ಬೇರೆಯವ್ರು ನೋಡ್ಕೋತಾರೆ."

ಯಾರು ಎಂದು ಅವರು ಕೇಳಿದಾಗ ನಾಗಭೂಷಣ್ ಹೊಸ ಜಗುಲಿಯ ಮೇಲೆ ಕುಳಿತು, ಸಾವಕಾಶವಾಗಿ, ಮೊದಲಿಂದ ಹೇಳತೊಡಗಿದ. ಮಂಗಳಗೌರಿ ಮಾತ್ರ ಅಲ್ಲಿಗೆ ಬರಲಿಲ್ಲ. ಬಾಗಿಲಿನ ಮುಂದೆ ನಿಂತು ನವಿಲಿನ ಗರಿಗಳನ್ನು ಒಂದೊಂದಾಗಿ ನೋಡುತ್ತಲೇ ಇದ್ದಳು.