ಹಿಂದಿನ ಗೇಟಿನ ಮೊಳೆಗಳು

ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ದೊಡ್ಡವರು ಮಾತಾಡುತ್ತಾರೆ, ಮಕ್ಕಳು ತಟ್ಟೆ ನೋಡುತ್ತಾರೆ. ಇದೇ ಶಿಸ್ತು ಅಂತ ನಾನೂ ನಂಬಿದ್ದವಳು. ನನ್ನ ತಮ್ಮ ಬಡಗಿ. ಶಾಲಾ ಸಮಿತಿಯ ಸದಸ್ಯ ಬೇರೆ. ಅವತ್ತು ಸಂಜೆ ಅವನು, "ನಾಳೆ ಶಾಲೆ ಹಿಂದಿನ ಗೇಟಿಗೆ ಹಲಗೆ ಹೊಡೀಬೇಕು. ಮಕ್ಕಳ ಗಲಾಟೆಗೆ ಆ ಬೀದಿಯವರಿಗೆ ಮಧ್ಯಾಹ್ನದ ನಿದ್ದೆ ಇಲ್ವಂತೆ" ಅಂದ. ಸಮಿತಿ ಅಧ್ಯಕ್ಷರ ಮನೆ ಇರುವುದೂ ಆ ಬೀದಿಯಲ್ಲೇ.

ಅವನ ಮಗಳು ತಲೆ ಎತ್ತಿದಳು. ಹದಿನಾಲ್ಕರ ಹುಡುಗಿ. "ಅಪ್ಪಾ, ಮುಂದಿನ ಗೇಟಿನ ಹತ್ರ ಲಾರಿಗಳು..."

"ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕ್ಬೇಡ. ಓದೋದಷ್ಟೇ ನಿನ್ನ ಕೆಲಸ."

"ಸುಮ್ನೆ ಊಟ ಮಾಡೇ" ಅಂತ ನಾನೂ ಗದರಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಮರುದಿನ ಗೇಟಿಗೆ ಅಡ್ಡಡ್ಡ ಆರು ಹಲಗೆ ಬಿದ್ದವು. ಮಕ್ಕಳೆಲ್ಲ ಮುಂದಿನ ಗೇಟಿಗೆ ಬರಲು ಲಾರಿ ರಸ್ತೆ ದಾಟತೊಡಗಿದರು. ಹನ್ನೊಂದನೆಯ ದಿನ, ನಮ್ಮ ಹುಡುಗಿಯ ಪಕ್ಕ ಕೂರುತ್ತಿದ್ದ ಗೆಳತಿಯ ಕಾಲ ಮೇಲೆ ಲಾರಿ ಹರಿಯಿತು. ಮಂಡಿಯ ಕೆಳಗೆ ಏನೂ ಉಳಿಯಲಿಲ್ಲ. ನಾನು ಅದೇ ಶಾಲೆಯ ಆಯಾ. ರಸ್ತೆ ಮೇಲೆ ಚೆಲ್ಲಿದ್ದ ಅವಳ ಪುಸ್ತಕಗಳನ್ನು ಆಯ್ದವಳು ನಾನೇ.

ಆಮೇಲಾದರೂ ಗೇಟು ತೆಗೆದರಾ? ಎಲ್ಲಿ ತೆಗೀತಾರೆ! ಸಭೆ ಕರೆದರು. ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿ ಇರಬೇಕೆಂದು ನಿಯಮ. ಆ ಕುರ್ಚಿ ನಮ್ಮ ಹುಡುಗಿಯದು. ಅವಳನ್ನು ಒಳಗೆ ಕರೆಯುತ್ತಿದ್ದದ್ದು ಕೊನೆಯ ಐದು ನಿಮಿಷಕ್ಕೆ, ಬೆರಳು ತೋರಿಸಿದ ಕಡೆ ಸಹಿ ಹಾಕಲು. ಗೇಟು ಮುಚ್ಚುವ ನಿರ್ಣಯಕ್ಕೂ ಪಾಪ, ಓದದೆಯೇ ಸಹಿ ಹಾಕಿದ್ದಳು.

ನಾನು ಟೀ ಹಿಡಿದು ಒಳಗೆ ಹೋದಾಗ ಅಧ್ಯಕ್ಷರು ನಡಾವಳಿ ಪುಸ್ತಕವನ್ನು ಅವಳ ಮುಂದೆ ತಳ್ಳುತ್ತಿದ್ದರು. "ಇಲ್ಲಿ ಹಾಕಮ್ಮ, ಪುಟ್ಟಿ."

ಈ ಸಲ ಅವಳು ಓದಿದಳು, ಗಟ್ಟಿಯಾಗಿ. "ಅಪಘಾತಕ್ಕೆ ಬಾಲಕಿಯ ಅಜಾಗರೂಕತೆಯೇ ಕಾರಣ. ವಿದ್ಯಾರ್ಥಿಗಳೂ ಇದನ್ನು ಒಪ್ಪಿರುತ್ತಾರೆ. ಹಿಂದಿನ ಗೇಟನ್ನು ಮುಚ್ಚಿಯೇ ಇಡತಕ್ಕದ್ದು." ಆಮೇಲೆ ಕೇಳಿದಳು, "ನಾವು ಯಾವಾಗ ಒಪ್ಪಿದ್ವಿ, ಸಾರ್?"

"ಅದೆಲ್ಲ ಬರೆಯೋ ಪದ್ಧತಿ. ಮೊನ್ನೆವರೆಗೂ ಮೂಗು ಒರೆಸಿಕೊಳ್ಳೋಕೆ ಬರ್ತಿರಲಿಲ್ಲ, ಈಗ ಪ್ರಶ್ನೆ ಬೇರೆ!" ಎಲ್ಲರೂ ನಕ್ಕರು.

"ಆ ರಸ್ತೆ ದಾಟೋರು ನಾವು ಸಾರ್, ನೀವಲ್ಲ. ನಮ್ಮನ್ನ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ. ಈಗ ಕಾಲೂ ಅವಳದೇ ಹೋಯ್ತು, ತಪ್ಪೂ ಅವಳದೇನಾ?"

ಅಧ್ಯಕ್ಷರು ತಮ್ಮನ ಕಡೆ ತಿರುಗಿದರು. "ನಿನ್ನ ಮಗಳಿಗೆ ಬುದ್ಧಿ ಹೇಳಯ್ಯಾ."

"ಸಹಿ ಹಾಕು ಮಗಾ, ಆಮೇಲೆ ಮಾತಾಡೋಣ" ಅಂದ ತಮ್ಮ.

"ಆವತ್ತೂ ಹೀಗೇ ಬಾಯಿ ಮುಚ್ಚಿಸಿದ್ರಿ, ಅಪ್ಪಾ."

ನನಗೆ ಮೈಯೆಲ್ಲ ಉರಿಯಿತು. ಟೀ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದೆ. "ನಾಚಿಕೆ ಆಗಲ್ವಾ ನಿಮಗೆ? ನಿಮ್ಮ ಮಧ್ಯಾಹ್ನದ ನಿದ್ದೆಗೆ ಒಂದು ಮಗುವಿನ ಕಾಲು ಹೋಯ್ತಲ್ರೀ!"

"ಆಯಾ, ನೀನು ನಿನ್ನ ಕೆಲಸ ನೋಡ್ಕೋ."

ಅಷ್ಟರಲ್ಲಿ ಹುಡುಗಿ ಪೆನ್ನು ತಗೊಂಡಳು. ಸಹಿಯ ಜಾಗದಲ್ಲಿ, "ನಮ್ಮನ್ನು ಯಾರೂ ಕೇಳಿಲ್ಲ. ನಾವು ಒಪ್ಪಿಲ್ಲ" ಅಂತ ಬರೆದು, ಅದರ ಕೆಳಗೆ ಸಹಿ ಹಾಕಿ ಎದ್ದು ಬಂದಳು. ಅಕ್ಷರ ದುಂಡಗಿತ್ತು.

ಅವತ್ತು ಊಟಕ್ಕೆ ಕೂತಾಗ ಎಲ್ಲರ ಕಣ್ಣೂ ತಟ್ಟೆಯ ಮೇಲೆ. ತಮ್ಮ ತುತ್ತು ಎತ್ತಲಿಲ್ಲ. ಕೊನೆಗೆ, "ಆವತ್ತು ಲಾರಿ ವಿಷಯ ಏನೋ ಹೇಳೋಕೆ ಬಂದಿದ್ಯಲ್ಲ ಮಗಾ, ಈಗ ಹೇಳು" ಅಂದ. ಅವಳು ಅಳುತ್ತಾ ಎಲ್ಲ ಹೇಳಿದಳು. ಈ ಸಲ ಅವನು ಮಧ್ಯೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿದ.

ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಅವನು ಸುತ್ತಿಗೆ ಹಿಡಿದು ಹಿಂದಿನ ಗೇಟಿಗೆ ಹೋದ. ಮೊಳೆ ಕೀಳುವ ಕಿರ್ರೆನ್ನುವ ಸದ್ದಿಗೆ ಅಧ್ಯಕ್ಷರು ಮನೆಯಿಂದ ಓಡಿಬಂದರು.

"ಯಾರನ್ನ ಕೇಳಿ ತೆಗೀತಿದ್ದೀಯಾ?"

"ಮಕ್ಕಳನ್ನ ಕೇಳಿ" ಅಂದ ತಮ್ಮ, ಮುಂದಿನ ಮೊಳೆಗೆ ಕೈ ಹಾಕುತ್ತಾ.

ಹಲಗೆ ಹೊಡೆಯುವ ಮೊದಲೇ ಕೇಳಿದ್ದರೆ, ನಮ್ಮ ಹುಡುಗಿಯ ಗೆಳತಿ ಇವತ್ತು ಎರಡೂ ಕಾಲಲ್ಲಿ ನಡೆದು ಆ ಗೇಟು ದಾಟುತ್ತಿದ್ದಳು.