ಮರಿಯಯ್ಯ ಕಾದ ಕೋಣೆ

ಕೋಮಲ ಮೇಡಂಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಇಡೀ ಕ್ಯಾಂಪಸ್ಸು ಆಡಿಕೊಳ್ಳುತ್ತಿತ್ತು. ಆಡಿಕೊಳ್ಳುವವರಿಗೇನು? ಅವರು ಯಾರೂ ಮೇ ತಿಂಗಳ ಮಧ್ಯಾಹ್ನ ಆ ತಗಡಿನ ಶೆಡ್ಡಿನಲ್ಲಿ ನಿಂತು ಪಾಠ ಮಾಡಿದವರಲ್ಲ. ಗಾಳಿ ಚೂರು ಜೋರಾದರೆ ತಲೆಯ ಮೇಲಿನ ಶೀಟುಗಳು ಪಟಪಟ ಬಡಿದುಕೊಳ್ಳುತ್ತಿದ್ದವು. ಬೋಲ್ಟುಗಳಲ್ಲಿ ಅರ್ಧಕ್ಕರ್ಧ ಎಂದೋ ಉದುರಿಹೋಗಿ, ಶೀಟು ಹಾರದಿರಲೆಂದು ಯಾರೋ ಪುಣ್ಯಾತ್ಮರು ಮೇಲೆ ಸೈಜುಗಲ್ಲು ಹೇರಿಟ್ಟಿದ್ದರು. ಶೀಟು ಹಾರಿದರೆ ಕಲ್ಲು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಆ ಪುಣ್ಯಾತ್ಮರು ಯೋಚಿಸಿರಲಿಲ್ಲ.

ನರಸೀಪುರ ಬಿಟ್ಟು ನಂಜನಗೂಡಿನ ರಸ್ತೆ ಹಿಡಿದರೆ ಎಡಕ್ಕೆ ಸಿಗುತ್ತಿದ್ದ ಆ ಸ್ನಾತಕೋತ್ತರ ಕೇಂದ್ರದಲ್ಲಿ ಇದ್ದದ್ದು ಮೂರೇ ಕಟ್ಟಡ. ಹೆಂಚಿನ ಆಫೀಸು, ತರಗತಿಗೂ ಪರೀಕ್ಷೆಗೂ ಈ ತಗಡಿನ ಶೆಡ್ಡು, ಮತ್ತು ಅಂಗಳದ ಆ ಬದಿಗೆ ಹಳೇ ಕಾಲದ ಒಂದು ಕಲ್ಲಿನ ಕೋಣೆ. ಎರಡು ಮೊಳ ದಪ್ಪದ ಗೋಡೆ, ಮೇಲೆ ಗಾರೆಯ ಚಾವಣಿ, ಐವತ್ತು ಜನ ಆರಾಮಾಗಿ ಕೂರುವಷ್ಟು ಜಾಗ. ಆದರೆ ಅದಕ್ಕೆ ಬೀಗ. ಬೀಗಕ್ಕೆ ಬಟ್ಟೆ, ಬಟ್ಟೆಯ ಮೇಲೆ ಅರಗಿನ ಮುದ್ರೆ. ಎರಡು ಸಾವಿರನೇ ಇಸವಿಯ ಪಂಚಾಯಿತಿ ಚುನಾವಣೆ ಮುಗಿದಾಗ ಸೋತವನೊಬ್ಬ ಕೋರ್ಟಿಗೆ ಹೋಗಿದ್ದ. ತೀರ್ಪು ಬರುವ ತನಕ ಮತಪೆಟ್ಟಿಗೆಗಳನ್ನು ಭದ್ರವಾಗಿ ಇಡಬೇಕಲ್ಲ, ಇಲ್ಲಿ ತಂದಿಟ್ಟರು. ಈಗ ಎರಡು ಸಾವಿರದ ಮೂರು. ಅವತ್ತು ಗೆದ್ದವನು ಅಧ್ಯಕ್ಷಗಿರಿ ಮಾಡಿ ಮನೆಗೂ ಹೋಗಿಯಾಗಿತ್ತು. ಪೆಟ್ಟಿಗೆಗಳು ಮಾತ್ರ ಕಲ್ಲಿನ ಗೋಡೆಯೊಳಗೆ ಹಾಯಾಗಿದ್ದವು, ಮಕ್ಕಳು ತಗಡಿನ ಕೆಳಗೆ ಬೇಯುತ್ತಿದ್ದರು.

ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದವನು ಹೋಂ ಗಾರ್ಡ್ ಮರಿಯಯ್ಯ. ಹದಿನಾರು ಎಂಬ ಊರಿನಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಹಗಲು ಅವನದು, ರಾತ್ರಿ ಇನ್ನೊಬ್ಬನದು. ರಾತ್ರಿಯವನು ಬರುವುದನ್ನು ಬಿಟ್ಟು ವರ್ಷವಾಗಿತ್ತು, ಅದನ್ನು ಕೇಳಿದವರೇ ಇರಲಿಲ್ಲ. ಮರಿಯಯ್ಯ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ. ಎರಡು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಮೂರು ದಿನ ರಜೆ ಹಾಕಿದ್ದು ಬಿಟ್ಟರೆ, ಮಳೆ ಬಿಸಿಲು ಎನ್ನದೆ ಕೂತಿದ್ದ.

"ಮರಿಯಯ್ಯ, ಈ ಪೆಟ್ಟಿಗೆ ಯಾವಾಗ ತೊಗೊಂಡು ಹೋಗ್ತಾರೆ?" ಎಂದು ಕೋಮಲ ತಿಂಗಳಿಗೊಂದು ಸಲ ಕೇಳುತ್ತಿದ್ದಳು.

"ನಂಗೇನ್ ಗೊತ್ತಾಯ್ತದೆ ಮೇಡಂ. ಬಾಗ್ಲ ಕಾಯಿ ಅಂದವ್ರೆ, ಕಾಯ್ತಾ ಇವ್ನಿ."

ಕೇಂದ್ರದ ನಿರ್ದೇಶಕರಾದ ಗಂಗಾಧರಸ್ವಾಮಿಯವರನ್ನು ಕೇಳಿದರೆ, "ಪತ್ರ ಬರೆದಿದ್ದೀವಮ್ಮ" ಎನ್ನುತ್ತಿದ್ದರು. ಹನ್ನೊಂದು ಪತ್ರ ಬರೆದಿದ್ದರು. ಹನ್ನೊಂದನ್ನೂ ಒಂದು ಫೈಲಿಗೆ ಹಾಕಿ, ಆ ಫೈಲನ್ನು ದೇವರ ಪಟದ ಹಾಗೆ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಒಳ್ಳೆಯ ಮನುಷ್ಯ. ಯಾರಿಗೂ ಇಲ್ಲ ಎಂದವರಲ್ಲ, ಯಾವ ಕಾಗದ ಮುಂದೆ ಹಿಡಿದರೂ ದುಂಡನೆಯ ಅಕ್ಷರದಲ್ಲಿ ಸಹಿ ಹಾಕಿ ನಗುತ್ತಿದ್ದರು. ಆ ನಗು ಕಂಡರೆ ಕೋಮಲಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಏಪ್ರಿಲ್‌ನಲ್ಲಿ ಮೇಲಿನಿಂದ ಒಂದು ಸುತ್ತೋಲೆ ಬಂತು. ಸ್ವಾಮಿಯವರು ಅದನ್ನು ನೋಟೀಸ್ ಬೋರ್ಡಿನ ಗಾಜಿನೊಳಗೆ ಹಾಕಿಸಿದರು. "ಬಿರುಗಾಳಿ, ಸುಂಟರಗಾಳಿಯ ಸಂದರ್ಭದಲ್ಲಿ ವಿದ್ಯಾರ್ಥಿಗಳು ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು."

"ಯಾವ ಸ್ಥಳ ಸರ್?" ಎಂದಳು ಕೋಮಲ.

ಸ್ವಾಮಿಯವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. "ಸುರಕ್ಷಿತ ಸ್ಥಳ ಅಂತ ಇದೆಯಲ್ಲಮ್ಮ."

ಅವಳು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅವಳ ಕೋಪಕ್ಕೆ ಕಾರಣವಿತ್ತು, ಅದನ್ನು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಏಳು ವರ್ಷದ ಹಿಂದೆ ಇಂಥದೇ ಮೇ ತಿಂಗಳಲ್ಲಿ, ತಾಂಡವಪುರದ ಹತ್ತಿರ ಅಕ್ಕಿ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದ ಅವಳ ಅಪ್ಪ ದೇವಯ್ಯನಿಗೆ, ಸುಂಟರಗಾಳಿಗೆ ಕಿತ್ತು ಬಂದ ಶೀಟು ಭುಜಕ್ಕೆ ಬಡಿದಿತ್ತು. ಅವತ್ತಿನಿಂದ ಅಪ್ಪನ ಬಲಗೈ ಎದೆಯಿಂದ ಮೇಲಕ್ಕೆ ಏಳದು. ಅಂಗಿ ಹಾಕಿಕೊಳ್ಳಲೂ ಅವ್ವ ಬೇಕು. "ಬರೀ ಶೀಟು ತಾನೆ ಮೇಡಂ" ಎಂದು ಯಾರಾದರೂ ನಕ್ಕರೆ ಕೋಮಲಳಿಗೆ ಕಣ್ಣು ಕತ್ತಲೆ ಬರುತ್ತಿತ್ತು.

ಮೇ ಹದಿನಾಲ್ಕು. ಮಧ್ಯಾಹ್ನ ಎರಡರಿಂದ ಐದರವರೆಗೆ ಅಂತಿಮ ವರ್ಷದ ಎಂ.ಎ. ಪರೀಕ್ಷೆ. ಶೆಡ್ಡಿನಲ್ಲಿ ಮೂವತ್ತೆಂಟು ಮಕ್ಕಳು, ಅವರ ಉಸ್ತುವಾರಿ ಕೋಮಲಳದು. ಮೂರೂವರೆಯ ಹೊತ್ತಿಗೆ ಗಾಳಿ ಪೂರ್ತಿ ನಿಂತಿತು. ಅರಳಿ ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಆಕಾಶದ ಪಡುವಣ ಬದಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಕೋಮಲ ಬಾಗಿಲಿಗೆ ಬಂದು ನೋಡಿದಳು. ಕಬ್ಬಿನ ಗದ್ದೆಗಳಾಚೆ ಮಣ್ಣು, ಹುಲ್ಲು, ತೆಂಗಿನ ಗರಿ ಎಲ್ಲ ಒಂದು ಕಂಬವಾಗಿ ಎದ್ದು ಗಿರಗಿರ ತಿರುಗುತ್ತಿತ್ತು. ಯಾರದೋ ಹುಲ್ಲಿನ ಮೆದೆ ಮೆಲ್ಲಗೆ ಮೇಲೆದ್ದು ಬಿಚ್ಚಿಕೊಂಡು ಹೋಯಿತು. ಕಂಬ ರಸ್ತೆಯ ಕಡೆಗೆ ಬರುತ್ತಿತ್ತು.

ಅವಳು ಆಫೀಸಿಗೆ ಓಡಿದಳು. "ಸರ್, ಸುಂಟರಗಾಳಿ ಬರ್ತಿದೆ! ಕಲ್ಲಿನ ಕೋಣೆ ತೆಗೆಸಿ."

"ಕೀಲಿ ಚುನಾವಣಾ ಶಾಖೆಯಲ್ಲಿದೆಯಲ್ಲಮ್ಮ."

"ಬೀಗ ಒಡೀತೀನಿ."

"ಸೀಲು! ಸೀಲು ಒಡೆಯೋ ಹಾಗಿಲ್ಲ. ಅದೂ ಅಲ್ಲದೆ ಪರೀಕ್ಷೆ ನಡೀತಿರುವಾಗ ಉತ್ತರ ಪತ್ರಿಕೆ ಹಾಲಿಂದ ಹೊರಗೆ ಹೋಗಬಾರದು. ಒಂದು ಪತ್ರ ಬರೆದುಬಿಡೋಣ, ನೀವೂ ಒಂದು ಸಹಿ..."

ಮುಂದಿನದನ್ನು ಕೇಳಲು ಕೋಮಲ ಅಲ್ಲಿರಲಿಲ್ಲ. ಜಗಲಿಯಲ್ಲಿ ಗಂಟೆಯೆಂದು ತೂಗುಹಾಕಿದ್ದ ರೈಲು ಕಂಬಿಯ ತುಂಡಿನ ಪಕ್ಕ, ಅದನ್ನು ಬಾರಿಸುವ ಕಬ್ಬಿಣದ ಸರಳು ಇತ್ತು. ಅದನ್ನು ಕಿತ್ತುಕೊಂಡು ಅಂಗಳ ದಾಟಿದಳು.

ಮರಿಯಯ್ಯ ಸ್ಟೂಲಿನಿಂದ ಎದ್ದು ಬಾಗಿಲಿಗೆ ಅಡ್ಡ ನಿಂತ. "ಬ್ಯಾಡಿ ಮೇಡಂ. ನನ್ ಡೂಟಿ ಇದು. ಕೆಲ್ಸ ಓಯ್ತದೆ."

"ನಿಮ್ಮ ಕೆಲಸ ಹೋದರೆ ನಾನು ಹೋಗಿ ಯಾರ ಕಾಲಾದರೂ ಹಿಡೀತೀನಿ ಮರಿಯಯ್ಯ. ಅಲ್ಲಿ ಮೂವತ್ತೆಂಟು ಮಕ್ಕಳಿದಾರೆ. ಒಂದು ಸಲ ತಿರುಗಿ ನೋಡಿ."

ಮರಿಯಯ್ಯ ತಿರುಗಿ ನೋಡಿದ. ಕಂಬ ಈಗ ರಸ್ತೆಯಾಚೆಯ ತೆಂಗಿನ ತೋಟಕ್ಕೆ ನುಗ್ಗಿತ್ತು. ಅವನು ಬಾಗಿಲಿನಿಂದ ಸರಿದು, ಗೋಡೆಯ ಕಡೆ ಮುಖ ಮಾಡಿ, "ನಾನೇನೂ ನೋಡ್ನಿಲ್ಲ" ಎಂದ.

ಕೋಮಲ ಬೀಗಕ್ಕೆ ಹೊಡೆದಳು. ಅರಗು ಚೂರಾಯಿತು, ಬೀಗ ಜಪ್ಪಯ್ಯ ಎನ್ನಲಿಲ್ಲ. ಇನ್ನೊಂದು, ಮತ್ತೊಂದು. ಸರಳು ಜಾರಿ ಅವಳ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ಎಂ.ಎ. ಓದಿದ್ದೆ, ಪಿಎಚ್.ಡಿ. ಮಾಡಿದ್ದೆ, ಒಂದು ಬೀಗ ಒಡೆಯುವುದನ್ನು ಯಾವ ಮಹಾನುಭಾವನೂ ಹೇಳಿಕೊಡಲಿಲ್ಲವಲ್ಲ ಎಂದು ಅಳು ಬಂದುಬಿಟ್ಟಿತು.

ಗೋಡೆ ನೋಡುತ್ತಿದ್ದ ಮರಿಯಯ್ಯನಿಗೆ ಆ ಸದ್ದು ಕೇಳಿ ಕೇಳಿ ತಡೆಯಲಾಗಲಿಲ್ಲ. "ಅಂಗಲ್ಲ ಕಣ್ ಮೇಡಂ! ಬೀಗುಕ್ಕೆ ಒಡದ್ರೆ ಬತ್ತದಾ? ಚಿಲ್ಕುಕ್ಕೆ ಒಡೀಬೇಕು. ಕೊಡಿ ಇತ್ಲಾಗೆ." ಸರಳು ಕಿತ್ತುಕೊಂಡವನು ಚಿಲಕದ ಸಂದಿಗೆ ತೂರಿಸಿ ಒಂದು ಸಲ ಮೀಟಿದ. ಮೂರು ವರ್ಷ ಕಾದಿದ್ದ ಚಿಲಕ ಮೊಳೆ ಸಮೇತ ಕಿತ್ತು ಅವನ ಕಾಲ ಬಳಿ ಬಿತ್ತು.

ಕೋಮಲ ಶೆಡ್ಡಿಗೆ ಓಡಿ ಕೂಗಿದಳು. "ಎಲ್ಲ ಏಳಿ! ಪೇಪರ್ ಎದೆಗೆ ಅವಚಿಕೊಂಡು ಕಲ್ಲಿನ ಕೋಣೆಗೆ ಓಡಿ!"

ಏಳಬೇಕಲ್ಲ! ಮೂರನೇ ಸಾಲಿನಲ್ಲಿದ್ದ ಶಿವಾನಿ ತಲೆಯನ್ನೂ ಎತ್ತದೆ, "ಮೇಡಂ, ಒಂದೇ ಒಂದು ನಿಮಿಷ, ಹದಿನೈದು ಮಾರ್ಕಿಂದು ಮುಗೀತಾ ಇದೆ" ಎಂದಳು. ರುದ್ರೇಶ್ ಎನ್ನುವ ಮಹಾಶಯ, "ಹೊರಗೆ ಹೋದ್ರೆ ಡಿಬಾರ್ ಮಾಡಲ್ವಾ ಮೇಡಂ?" ಎಂದು ನಿಯಮ ಕೇಳಿದ.

"ಡಿಬಾರ್ ನನ್ನ ಮಾಡ್ಲಿ! ಎದ್ದೇಳ್ತೀರೋ ಇಲ್ವೋ, ಕತ್ತೆಗಳಾ!" ಕೋಮಲ ಶಿವಾನಿಯ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿಲಲ್ಲಿ ಮರಿಯಯ್ಯ ನಿಂತು, "ಬನ್ರಪ್ಪೋ, ಬನ್ರವ್ವೋ, ಬಿರ್‌ಬಿರ್ನೆ ಬನ್ನಿ" ಎಂದು ಒಬ್ಬೊಬ್ಬರನ್ನೇ ಅಂಗಳದಾಚೆಗೆ ಅಟ್ಟಿದ. ಕೊನೆಯವರಾಗಿ ಆಫೀಸಿನಿಂದ ಗಂಗಾಧರಸ್ವಾಮಿಯವರು ಪತ್ರಗಳ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿ ಬಂದರು. ಮರಿಯಯ್ಯ ಒಳಗಿನಿಂದ ಬಾಗಿಲು ದೂಡಿ, ಬೆನ್ನು ಒತ್ತಿಕೊಟ್ಟು ನಿಂತ.

ಆಮೇಲೆ ಐದು ನಿಮಿಷವೋ ಹತ್ತು ನಿಮಿಷವೋ, ಯಾರೂ ಲೆಕ್ಕ ಇಡಲಿಲ್ಲ. ಕತ್ತಲಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಹೊರಗೆ ತಗಡು ಹರಿಯುವ ಸದ್ದು, ಮರ ಮುರಿಯುವ ಸದ್ದು, ಕಲ್ಲು ಬೀಳುವ ಸದ್ದು. ಪ್ರತಿ ಸದ್ದಿಗೂ ಕೋಮಲ ಮನಸ್ಸಿನಲ್ಲಿ ಅಪ್ಪನ ಭುಜ ನೆನೆಸಿಕೊಂಡು ಕಣ್ಣು ಮುಚ್ಚುತ್ತಿದ್ದಳು. ಕೈಯಲ್ಲಿ ಶಿವಾನಿಯ ರಟ್ಟೆ ಹಾಗೇ ಇತ್ತು. ಗೋಡೆ ಮಾತ್ರ ಅಲ್ಲಾಡಲಿಲ್ಲ.

ಗಾಳಿ ಹೋಗಿ ಮಳೆ ಸುರಿಯತೊಡಗಿದ ಮೇಲೆ ಮರಿಯಯ್ಯ ಬಾಗಿಲು ತೆಗೆದ. ಶೆಡ್ಡಿಗೆ ಶೀಟೇ ಇರಲಿಲ್ಲ. ಸೈಜುಗಲ್ಲುಗಳು ಬೆಂಚುಗಳ ಮೇಲೆ ಬಿದ್ದಿದ್ದವು. ಮೂರನೇ ಸಾಲಿನಲ್ಲಿ ಒಂದು ಶೀಟು ಡೆಸ್ಕನ್ನು ಸೀಳಿಕೊಂಡು ಅಲ್ಲೇ ನೆಟ್ಟಗೆ ನಿಂತಿತ್ತು. ಶಿವಾನಿ ಅದನ್ನು ನೋಡಿದಳು, ಕೋಮಲಳ ಹೆಗಲಿಗೆ ಮುಖ ಒತ್ತಿ ಅಳತೊಡಗಿದಳು. ಮೂವತ್ತೆಂಟು ಜನರನ್ನು ಕೋಮಲ ಎರಡೆರಡು ಸಲ ಎಣಿಸಿದಳು. ಒಬ್ಬರಿಗೂ ಒಂದು ಗೀರು ಇರಲಿಲ್ಲ. ಅವಳ ಎದೆಯ ಮೇಲಿನ ಭಾರ ಏಳು ವರ್ಷದಲ್ಲಿ ಮೊದಲ ಸಲ ಇಳಿಯಿತು.

ಅಷ್ಟರಲ್ಲಿ ರುದ್ರೇಶ್ ಕೇಳಿದ. "ಮೇಡಂ, ಪೆಟ್ಟಿಗೆಗಳೆಲ್ಲಿ?"

ಎಲ್ಲರೂ ಸುತ್ತ ನೋಡಿದರು. ಕೋಣೆ ಖಾಲಿ. ಮತಪೆಟ್ಟಿಗೆ ಹೋಗಲಿ, ಒಂದು ಬೆಂಕಿಪೊಟ್ಟಣವೂ ಇರಲಿಲ್ಲ. ಬಾವಲಿಯ ಹಿಕ್ಕೆ, ಜೇಡರ ಬಲೆ, ಗೋಡೆಯ ಗೂಡಿನಲ್ಲಿ ಒಂದು ಕಲ್ಲು, ಕಲ್ಲಿನ ಕೆಳಗೆ ಒಂದು ಕಾಗದ. ಕೋಮಲ ಅದನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು. ಕೇಸು ವಜಾ ಆಗಿರುವುದರಿಂದ ನಲವತ್ತೊಂದು ಪೆಟ್ಟಿಗೆಗಳನ್ನು ಮೈಸೂರಿಗೆ ಸಾಗಿಸಲಾಗಿದೆ. ತಾರೀಕು ಎರಡು ವರ್ಷದ ಹಿಂದಿನದು, ಮರಿಯಯ್ಯ ಮಗಳ ಬಾಣಂತನಕ್ಕೆ ಹೋಗಿದ್ದ, ತರಗತಿಗಳಿಗೂ ರಜೆಯಿದ್ದ ವಾರದ್ದು. ಪೆಟ್ಟಿಗೆ ಹೊತ್ತವರು ಅಭ್ಯಾಸಬಲದಿಂದ ಮತ್ತೆ ಬೀಗ ಹಾಕಿ, ಮತ್ತೆ ಅರಗು ಒತ್ತಿ ಹೋಗಿದ್ದರು. ಕೆಳಗೆ 'ಸಾಕ್ಷಿ' ಎಂದಿದ್ದ ಕಡೆ ದುಂಡನೆಯ ಅಕ್ಷರದಲ್ಲಿ ಸಹಿ ಇತ್ತು.

ಗಂಗಾಧರಸ್ವಾಮಿಯವರು ಕನ್ನಡಕ ಒರೆಸಿಕೊಂಡು ನೋಡಿದರು. ಮತ್ತೆ ಒರೆಸಿಕೊಂಡರು. "ನನ್ನದೇ" ಎಂದರು ಸಣ್ಣ ದನಿಯಲ್ಲಿ. ಕಂಕುಳಲ್ಲಿದ್ದ ಹನ್ನೊಂದು ಪತ್ರಗಳಲ್ಲಿ ಒಂಬತ್ತನ್ನು ಅವರು ಬರೆದದ್ದು ಆ ತಾರೀಕಿನ ನಂತರ.

ಕೋಮಲಳಿಗೆ ಕೂಗಾಡಬೇಕೆನಿಸಿತು. ಆದರೆ ಎಷ್ಟು ಕೂಗಿದರೂ ಇದಕ್ಕೆ ಸಾಲದು ಎನಿಸಿತು. ಎರಡು ವರ್ಷ! ಎರಡು ಬೇಸಿಗೆ ಮಕ್ಕಳು ಬೆಂದದ್ದು ಯಾತಕ್ಕೆ? ಮರಿಯಯ್ಯ ಬಾಗಿಲಲ್ಲೇ ಕುಸಿದು ಕೂತಿದ್ದ.

"ಇಷ್ಟ್ ದಿನ ನಾನು ಏನ್ ಕಾಯ್ತಿದ್ನವ್ವ?" ಎಂದ. ಮೇಡಂ ಎನ್ನುವುದನ್ನೂ ಮರೆತಿದ್ದ. ಅವನ ಮುಖ ನೋಡಲಾಗದೆ ಕೋಮಲ ಸ್ವಾಮಿಯವರ ಕಡೆಗೆ ತಿರುಗಿದಳು.

"ಸರ್, ಮಕ್ಕಳಿಗೆ ಸುಮಾರು ಒಂದೂವರೆ ಗಂಟೆ ಬರೆಯೋದು ಬಾಕಿ ಇದೆ. ಇಲ್ಲೇ ನೆಲದ ಮೇಲೆ ಕೂತು ಬರೀತಾರೆ. ನಾಳೆಯಿಂದ ಪರೀಕ್ಷೆಯೂ ಇಲ್ಲೇ. ಅನುಮತಿ ಅಂತ ಬರೆದು ಸಹಿ ಹಾಕಿ. ಪೆಟ್ಟಿಗೆ ಸಾಗಿಸಿದ ಈ ಚೀಟಿ ನನ್ನ ಹತ್ತಿರ ಇರುತ್ತೆ."

ಸ್ವಾಮಿಯವರು ಹುಟ್ಟಿದ ಮೇಲೆ ಮೊದಲ ಸಲ ಪೂರ್ತಿ ಓದಿ ಸಹಿ ಹಾಕಿದರು.

ಮರುದಿನ ಎರಡು ಗಂಟೆಗೆ ಕಲ್ಲಿನ ಕೋಣೆಯಲ್ಲಿ ಪರೀಕ್ಷೆ ಶುರುವಾಯಿತು. ಎರಡೂವರೆಗೆ, ಸುದ್ದಿ ತಿಳಿದ ಚುನಾವಣಾ ಶಾಖೆಯ ಶಿರಸ್ತೇದಾರ ಶಿವಮಲ್ಲಪ್ಪ ಜೀಪಿನಲ್ಲಿ ಬಂದಿಳಿದರು. ಜೊತೆಗೆ ಹೊಸ ಬೀಗ, ಬಟ್ಟೆ, ಅರಗು, ಮೇಣದಬತ್ತಿ. ಸೀಲು ಒಡೆದದ್ದು ಗಂಭೀರ ವಿಷಯ, ವಿಚಾರಣೆ ಮುಗಿಯುವ ತನಕ ಕೋಣೆಗೆ ಮತ್ತೆ ಸೀಲು ಹಾಕಬೇಕು ಎಂದರು. ಒಳಗೆ ಏನೂ ಇರಲಿಲ್ಲವಲ್ಲ ಎಂದು ಸ್ವಾಮಿಯವರು ತೊದಲಿದರೆ, "ಇರಲಿಲ್ಲ ಅಂತ ಗೊತ್ತಾಗಿದ್ದು ಸೀಲು ಒಡೆದ ಮೇಲಲ್ವೇನ್ರೀ? ಒಡೆದಿದ್ದೇ ತಪ್ಪು" ಎಂದು ಬಾಯಿ ಮುಚ್ಚಿಸಿದರು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಕೋಮಲಳಿಗೆ ಕಬ್ಬಿಣದ ಸರಳು ಎಲ್ಲಿಟ್ಟೆ ಎಂಬುದೊಂದೇ ನೆನಪಾಯಿತು. ಅವಳು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಳು.

ಅಷ್ಟರಲ್ಲಿ ಹೊರಗೆ ಸ್ಟೂಲು ಸರಿದ ಸದ್ದಾಯಿತು.

"ನಿಲ್ಲಿ ಸಾ," ಎಂದ ಮರಿಯಯ್ಯ. ಖಾಕಿ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದ. "ಪರೀಕ್ಷೆ ನಡೀತಾ ಅದೆ. ಬೆಲ್ ಒಡೆಯೋಗಂಟ ಯಾರ್ನೂ ಒಳೀಕೆ ಬುಡಂಗಿಲ್ಲ. ರೂಲ್ಸು."

"ಲೇ, ನಾನ್ಯಾರು ಗೊತ್ತೇನಯ್ಯ? ನಿನ್ನ ಇಲ್ಲಿ ಹಾಕಿರೋದೇ ನಮ್ಮ ಶಾಖೆ!"

"ಗೊತ್ತು ಸಾ. ಬಾಗ್ಲ ಕಾಯಿ ಅಂತ ನೀವೇ ಬರ್ದ್ ಕೊಟ್ಟಿದ್ರಿ. ಆ ಆರ್ಡ್ರು ಇನ್ನೂ ರದ್ದಾಗಿಲ್ಲ." ಮರಿಯಯ್ಯ ಕಾಲು ಅಗಲಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಮೆಲ್ಲಕ್ ಮಾತಾಡಿ ಸಾ. ಒಳೀಕೆ ಮಕ್ಳವೆ."